ತೊಟ್ಟಿಲಿಗೆ ಗಾಳಿ ಕಾಣಿಸುವ ಕೆಲಸ

ಗದಗ ಸೀಮೆಯ ಹಳೆಯ ಮನೆಗಳಲ್ಲಿ ಒಂದೇ ತೊಟ್ಟಿಲು ಎರಡು ಮೂರು ತಲೆಮಾರಿನ ಕೂಸುಗಳನ್ನು ತೂಗುವುದುಂಟು. ಗದಗ-ಬೆಟಗೇರಿಯ ನೇಕಾರರ ಓಣಿಗಳಲ್ಲಿ, ಲಕ್ಷ್ಮೇಶ್ವರದ ಪೇಟೆಯ ಮನೆಗಳಲ್ಲಿ, ಶಿರಹಟ್ಟಿ ಮುಂಡರಗಿಗಳ ಒಕ್ಕಲು ಮನೆತನಗಳಲ್ಲಿ, ಮಗು ನಡೆಯಲು ಕಲಿತ ಮೇಲೆ ತೊಟ್ಟಿಲು ಅಟ್ಟ ಸೇರುತ್ತದೆ. ಮುಂದಿನ ಕೂಸು ಬರುವ ತನಕ ಐದು ವರ್ಷವೋ ಇಪ್ಪತ್ತು ವರ್ಷವೋ ಅದು ಅಲ್ಲೇ ಕಾಯುತ್ತದೆ. ಇಳಿಸಿದ ದಿನ ಅದರ ಬಣ್ಣ ಕಣ್ಣಿಗೆ ಬೀಳುವ ಮೊದಲೇ ವಾಸನೆ ಮೂಗಿಗೆ ಬರುತ್ತದೆ. 'ಮುಗ್ಗು ಹಿಡಿದೈತಿ' ಎನ್ನುತ್ತಾರೆ ಮನೆಯ ಹಿರಿಯರು. ಆ ಮುಗ್ಗಲು ವಾಸನೆಯನ್ನು ಪೂರ್ತಿಯಾಗಿ ಕಳೆದು, ಹಸುಗೂಸು ಮಲಗಲು ತಕ್ಕುದಾಗಿ ತೊಟ್ಟಿಲನ್ನು ಮರಳಿ ಸಿದ್ಧಮಾಡುವುದು ಒಂದು ಕುಶಲ ಕೆಲಸ. ಅದಕ್ಕೆ ಮನೆಯ ಹೆಂಗಸರ ಅನುಭವ ಬೇಕು, ಬಡಿಗರ ಕೈ ಬೇಕು, ಗಾದಿಯ ಅರಳೆ ಹಿಂಜುವವರ ಶ್ರಮ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಟ್ಟಿಗೆ, ಅರಗು, ಹತ್ತಿ, ಹಿತ್ತಾಳೆ ಇವುಗಳ ಸ್ವಭಾವ ತಿಳಿದಿರಬೇಕು.

ಮೊದಲು ತೊಟ್ಟಿಲಿನ ಪರಿಚಯ. ಉತ್ತರ ಕರ್ನಾಟಕದಲ್ಲಿ ಬಣ್ಣದ ತೊಟ್ಟಿಲು ಎಂದರೆ ನೆನಪಾಗುವ ಊರು ಕಲಘಟಗಿ. ಧಾರವಾಡ ಜಿಲ್ಲೆಯ ಈ ತಾಲ್ಲೂಕು ಕೇಂದ್ರ ಹುಬ್ಬಳ್ಳಿಯಿಂದ ಕಾರವಾರದ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 30 ಕಿ.ಮೀ. ದೂರದಲ್ಲಿದೆ. ಅಲ್ಲಿನ ಚಿತ್ರಗಾರ ಮನೆತನದವರು ಸಾಗುವಾನಿಯಲ್ಲಿ ತೊಟ್ಟಿಲು ಮಾಡಿ, ಅದರ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳನ್ನು ಚಿತ್ರಿಸಿ, ಅರಗಿನ ಬಣ್ಣದ ಹೊಳಪು ಕೊಡುತ್ತಾರೆ. ನಟ ಅಂಬರೀಶ್ 2018ರಲ್ಲಿ ಯಶ್ ದಂಪತಿಯ ಮೊದಲ ಮಗುವಿಗಾಗಿ ಕಲಘಟಗಿಯಲ್ಲಿ ತೊಟ್ಟಿಲು ಮಾಡಲು ಹೇಳಿದ್ದರು. ಅವರು ತೀರಿಕೊಂಡ ನಂತರ ಅದು ಆ ಮನೆ ತಲುಪಿದ ಸುದ್ದಿಯಿಂದ ದಕ್ಷಿಣದ ಜಿಲ್ಲೆಗಳವರಿಗೂ ಈ ಊರಿನ ಹೆಸರು ಪರಿಚಯವಾಯಿತು. ಗದಗ ಕಡೆಯ ಮನೆಗಳಿಗೆ ಇಂಥ ತೊಟ್ಟಿಲು ಹೆಚ್ಚಾಗಿ ತವರಿನ ಉಡುಗೊರೆಯಾಗಿ ಬರುತ್ತದೆ. ಇದಲ್ಲದೆ ಊರಿನ ಬಡಿಗರೇ ಮಾಡಿದ ಸಾದಾ ತೊಟ್ಟಿಲು, ಮೇದಾರರು ಹೆಣೆದ ಬಿದಿರಿನ ತೊಟ್ಟಿಲು, ನಡೆ ಕಲಿಸುವ ಮೂರು ಗಾಲಿಯ ಕಟ್ಟಿಗೆಯ ಗಾಡಿ ಇವೂ ಅಟ್ಟದ ಮೇಲೆ ಜೊತೆಗಿರುತ್ತವೆ.

ಗದಗ ಜಿಲ್ಲೆ ಒಣ ಸೀಮೆ. ವರ್ಷದ ಸರಾಸರಿ ಮಳೆ ಸುಮಾರು 600 ಮಿ.ಮೀ. ಆಸುಪಾಸು. ಇಂಥ ಕಡೆ ಮುಗ್ಗಲು ಹೇಗೆ ಬರುತ್ತದೆ ಎಂಬ ಪ್ರಶ್ನೆ ಸಹಜ. ಉತ್ತರ ಮನೆಯ ಕಟ್ಟಡದಲ್ಲೂ ಮಳೆ ಬೀಳುವ ರೀತಿಯಲ್ಲೂ ಇದೆ. ಇಲ್ಲಿನ ಹಳೆಯ ಮನೆಗಳು ಮೇಲ್ಮುದ್ದೆಯ ಮನೆಗಳು. ಅಂದರೆ ತೊಲೆ, ಜಂತಿಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ದಪ್ಪನಾಗಿ ಮಣ್ಣು ಬಡಿದು ಮಾಡಿದ ಸಮತಟ್ಟಾದ ಮಾಳಿಗೆ. ಗೋಡೆಗಳೂ ದಪ್ಪ. ಬೇಸಿಗೆಯಲ್ಲಿ ಇವು ಮನೆಯನ್ನು ತಂಪಾಗಿಡುತ್ತವೆ. ಆದರೆ ಮುಂಗಾರಿನ ಕೊನೆಗೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಜಿಟಿಜಿಟಿ ಮಳೆ ಹಿಡಿದು ಕೂತಾಗ ಮಾಳಿಗೆಯ ಮಣ್ಣು ನೀರು ಕುಡಿಯುತ್ತದೆ. ಅಡಿಪಾಯದ ಸುತ್ತಲಿನ ಎರೆಮಣ್ಣು ಹೀರಿದ ತೇವ ಗೋಡೆಯೊಳಗೆ ಮೇಲಕ್ಕೆ ಏರುತ್ತದೆ. ಅಟ್ಟದಲ್ಲಿ ಕಿಟಕಿ ಇರುವುದಿಲ್ಲ. ಬೆಳಕಿಂಡಿಯನ್ನೂ ಮಳೆಗಾಲದಲ್ಲಿ ಮುಚ್ಚಿರುತ್ತಾರೆ. ಪಕ್ಕದಲ್ಲಿ ಜೋಳದ ಚೀಲಗಳಿದ್ದರೆ ಅವುಗಳ ತೇವವೂ ಸೇರುತ್ತದೆ. ಇಷ್ಟರ ಮೇಲೆ, ಧೂಳು ಕೂರಬಾರದೆಂದು ತೊಟ್ಟಿಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದರೆ ಒಳಗೆ ಹೋದ ತೇವಕ್ಕೆ ಹೊರಬರುವ ದಾರಿಯೇ ಇರುವುದಿಲ್ಲ.

ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 70ರ ಮೇಲೆ ಹಲವು ದಿನ ನಿಂತರೆ ಕಟ್ಟಿಗೆ, ಬಟ್ಟೆ, ಧೂಳುಗಳ ಮೇಲೆ ಬೂಷ್ಟು ಬೆಳೆಯಲು ಶುರುವಾಗುತ್ತದೆ. 80 ದಾಟಿದರೆ ವೇಗವಾಗಿ ಬೆಳೆಯುತ್ತದೆ. ಬೂಷ್ಟು ಎಂಬುದು ಶಿಲೀಂಧ್ರ. ಅದರ ಬೀಜಾಣುಗಳು ಎಲ್ಲ ಮನೆಗಳ ಗಾಳಿಯಲ್ಲೂ ಇರುತ್ತವೆ. ತೇವ ಸಿಕ್ಕಲ್ಲಿ ಮೊಳೆಯುತ್ತವೆ. ಬೆಳೆಯುವಾಗ ಅದು ಕೆಲವು ಆವಿಗಳನ್ನು ಹೊರಬಿಡುತ್ತದೆ. ಅಣಬೆಯ ವಾಸನೆಗೆ ಕಾರಣವಾದ ಆಕ್ಟೆನಾಲ್ ಅವುಗಳಲ್ಲೊಂದು. ಮುಗ್ಗಲಿನಲ್ಲಿ ಜಿಯೋಸ್ಮಿನ್ ಎಂಬ ಇನ್ನೊಂದು ವಸ್ತುವೂ ಇರುತ್ತದೆ. ಒಣ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಬರುವ ಮಣ್ಣಿನ ಪರಿಮಳದಲ್ಲಿರುವುದೂ ಇದೇ. ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಭಾಗದಷ್ಟು ಇದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ತೊಟ್ಟಿಲು ಕಣ್ಣಿಗೆ ಸ್ವಚ್ಛವಾಗಿ ಕಂಡರೂ ಮೂಗು ಒಪ್ಪದಿರುವುದಕ್ಕೆ ಇದು ಕಾರಣ. ಮೂಗಿನ ಮಾತನ್ನು ನಂಬಬೇಕು. ವಾಸನೆ ಇದೆ ಎಂದರೆ ಎಲ್ಲೋ ತೇವ ಉಳಿದಿರಬಹುದು. ತೇವವಿರುವ, ಬೂಷ್ಟು ಹಿಡಿದ ಮನೆಗಳಲ್ಲಿ ಉಸಿರಾಟದ ತೊಂದರೆ ಮತ್ತು ಅಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ದಿನದ ಹೆಚ್ಚು ಹೊತ್ತು ಒಂದೇ ಜಾಗದಲ್ಲಿ ಮಲಗುವ ಹಸುಗೂಸಿನ ವಿಷಯದಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಕೆಲಸ ಯಾವಾಗ ಶುರುಮಾಡಬೇಕೆಂಬುದು ಮೊದಲ ತಿಳಿವಳಿಕೆ. ಈ ಭಾಗದಲ್ಲಿ ಬಸುರಿಗೆ ಏಳನೇ ತಿಂಗಳ ಹೊತ್ತಿಗೆ ಕುಬಸ ಮಾಡುತ್ತಾರೆ. ಸೀಮಂತಕ್ಕೆ ಇಲ್ಲಿನ ಹೆಸರು ಅದು. ಮಗು ಹುಟ್ಟಿದ 12 ಅಥವಾ 13ನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ಕುಬಸದ ಹೊತ್ತಿಗೇ ತೊಟ್ಟಿಲು ಇಳಿಸಿದರೆ ಎರಡು ತಿಂಗಳಿಗೂ ಹೆಚ್ಚು ಕಾಲ ಕೈಯಲ್ಲಿರುತ್ತದೆ. ಕಟ್ಟಿಗೆ ತನ್ನೊಳಗಿನ ತೇವವನ್ನು ನಿಧಾನವಾಗಿ ಬಿಡುತ್ತದೆ. ಅವಸರ ಮಾಡಿದರೆ ಸೀಳುತ್ತದೆ. ಬಸುರಿ ಹೆಂಗಸರೂ ದಮ್ಮಿನ ತೊಂದರೆ ಇರುವವರೂ ಈ ಕೆಲಸದಿಂದ ದೂರವಿರಬೇಕು. ಮಾಡುವವರು ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು.

ಇಳಿಸುವಾಗಲೂ ಒಂದು ಕ್ರಮವಿದೆ. ಅಟ್ಟದ ಮೇಲೆ ಅದನ್ನು ಕೊಡವಬಾರದು, ಒಣ ಪೊರಕೆಯಿಂದ ಗುಡಿಸಬಾರದು. ಒಣ ಬೂಷ್ಟನ್ನು ಕೆದಕಿದರೆ ಬೀಜಾಣುಗಳು ಮನೆಯೆಲ್ಲ ಹರಡುತ್ತವೆ. ಒದ್ದೆ ಮಾಡಿ ಹಿಂಡಿದ ಹಳೆಯ ಸೀರೆಯನ್ನು ಮೇಲೆ ಹೊದಿಸಿ, ಹಾಗೇ ಎತ್ತಿಕೊಂಡು, ನಡುಮನೆಯಲ್ಲಿ ನಿಲ್ಲಿಸದೆ ನೇರವಾಗಿ ಹಿತ್ತಲಿಗೆ ತರುತ್ತಾರೆ. ಗಾಳಿ ಮನೆಯ ಕಡೆಯಿಂದ ಹೊರಕ್ಕೆ ಬೀಸುವ ಜಾಗ ನೋಡಿ ಇಳಿಸುತ್ತಾರೆ.

ಆಮೇಲೆ ಪರೀಕ್ಷೆ. ಮೇಲಿನ ಬೂದು ಅಥವಾ ಹಸಿರು ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಅದು ಹೋಗಿ ಕೆಳಗಿನ ಕಟ್ಟಿಗೆ ಗಟ್ಟಿಯಾಗಿದ್ದರೆ ಅದು ಬರೀ ಮೇಲ್ಮೈಯ ಬೂಷ್ಟು, ಕಟ್ಟಿಗೆಗೆ ಪೆಟ್ಟಾಗಿಲ್ಲ. ಉಗುರು ಒತ್ತಿದಾಗ ಒಳಗಿಳಿದರೆ ಕಟ್ಟಿಗೆ ಕೊಳೆತಿದೆ. ಆ ತುಂಡನ್ನು ಬಡಿಗರಿಂದ ಬದಲಾಯಿಸಬೇಕು. ಸಣ್ಣ ದುಂಡು ತೂತುಗಳ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹುಳು ಹೊಕ್ಕಿದೆ. ಮಣ್ಣಿನ ಗೀರುಗಳು ಕಂಡರೆ ಗೆದ್ದಲು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಬೂಷ್ಟಿಗೆಂದು ಮಾಡಿದ ಉಪಾಯ ಹುಳುವಿಗೆ ತಾಗುವುದಿಲ್ಲ. ಹುಳುವಿಗೆಂದು ಹೊಡೆದ ಕೀಟನಾಶಕ ಕೂಸಿನ ಬಾಯಿಗೆ ಹೋಗುವ ಅಪಾಯವಿದೆ, ಏಕೆಂದರೆ ಹಲ್ಲು ಬರುವ ಕಾಲದಲ್ಲಿ ಮಕ್ಕಳು ತೊಟ್ಟಿಲಿನ ಅಂಚನ್ನೇ ಕಚ್ಚುತ್ತವೆ.

ಇನ್ನು ಬಿಚ್ಚುವ ಕೆಲಸ. ಹಳೆಯ ತೊಟ್ಟಿಲುಗಳಲ್ಲಿ ಮೊಳೆ ಕಡಿಮೆ. ಒಂದು ತುಂಡಿನ ತುದಿ ಇನ್ನೊಂದರ ತೂತಿನಲ್ಲಿ ಕೂರುವಂತೆ ಮಾಡಿದ ಕೂಟಗಳನ್ನು ಬೆಣೆ ಹೊಡೆದು ಬಿಗಿಮಾಡಿರುತ್ತಾರೆ. ಬಡಿಗರು ಬೆಣೆಯನ್ನು ಹಿಂದಿನಿಂದ ಕೊಡತಿಯಿಂದ, ಅಂದರೆ ಕಟ್ಟಿಗೆಯ ಸುತ್ತಿಗೆಯಿಂದ, ಮೆಲ್ಲಗೆ ತಟ್ಟಿ ಸಡಿಲಿಸುತ್ತಾರೆ. ತಟ್ಟುವ ಜಾಗಕ್ಕೆ ಬಟ್ಟೆಯ ಮಡಿಕೆ ಇಟ್ಟಿರುತ್ತಾರೆ. ಅರಗಿನ ಮೇಲೆ ನೇರ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ನಾಲ್ಕು ಮೂಲೆಯ ಕಂಬ, ಪಕ್ಕದ ಕಡೆದ ಸರಳುಗಳು, ತಳದ ಹಲಗೆ, ಕೊಂಡಿಗಳು ಹೀಗೆ ಒಂದೊಂದು ಭಾಗ ಬೇರೆಯಾಗುತ್ತದೆ. ಕೈಯಿಂದ ಮಾಡಿದ ತೊಟ್ಟಿಲಲ್ಲಿ ಒಂದು ಸರಳು ಇನ್ನೊಂದರ ತೂತಿಗೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಪ್ರತಿ ಕೂಟದ ಎರಡೂ ತುಂಡುಗಳಿಗೆ ಒಂದೇ ಬಣ್ಣದ ದಾರ ಕಟ್ಟಿ ಗುರುತು ಮಾಡುತ್ತಾರೆ.

ಬಿಚ್ಚಲೇಬೇಕಾದ ಕಾರಣ ಅರಗಿನ ಗುಣದಲ್ಲಿದೆ. ಅರಗು ಎಂಬುದು ಮರದ ರೆಂಬೆಗಳ ಮೇಲೆ ಬದುಕುವ ಒಂದು ಸಣ್ಣ ಕೀಟ ಸ್ರವಿಸುವ ಅಂಟು. ಕಡೆಯುವ ಯಂತ್ರದಲ್ಲಿ ತಿರುಗುತ್ತಿರುವ ಕಟ್ಟಿಗೆಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅದು ಕರಗಿ ಮೈಗೆಲ್ಲ ಹತ್ತುತ್ತದೆ. ಮೇಲೆ ಕೇದಿಗೆಯ ಎಲೆಯಿಂದ ತಿಕ್ಕಿದಾಗ ಹೊಳಪು ಬರುತ್ತದೆ. ಹೀಗೆ ಕೂತ ಅರಗು ನೀರನ್ನು ಸುಲಭವಾಗಿ ಒಳಬಿಡುವುದಿಲ್ಲ. ಆದ್ದರಿಂದ ಬಣ್ಣದ ಮುಖಗಳಲ್ಲಿ ಬೂಷ್ಟು ಮೇಲೆ ಮಾತ್ರ ಕೂರುತ್ತದೆ. ವಾಸನೆಯ ಮೂಲ ಇರುವುದು ಅರಗು ಹತ್ತದ ಕಡೆ: ತಳದ ಹಲಗೆಯ ಕೆಳಮೈ, ಕೂಟದ ತೂತಿನ ಒಳಭಾಗ, ಸರಪಳಿ ಹಾಯುವ ರಂಧ್ರ, ಕಟ್ಟಿಗೆಯ ಕೊಯ್ದ ತುದಿ. ಕೊಯ್ದ ತುದಿಯಲ್ಲಿ ಮರದ ನೀರು ಸಾಗಿಸುವ ನಾಳಗಳು ಬಾಯ್ತೆರೆದಿರುತ್ತವೆ. ತೇವ ಅಲ್ಲಿಂದಲೇ ಆಳಕ್ಕೆ ಇಳಿಯುತ್ತದೆ. ಅನುಭವಿಗಳು ತೊಟ್ಟಿಲಿನ ಚಿತ್ರದ ಮುಖವನ್ನು ಮೂಸುವುದಿಲ್ಲ. ಅಡಿ ತಿರುಗಿಸಿ, ತೂತಿನ ಹತ್ತಿರ ಮೂಗಿಡುತ್ತಾರೆ. ಗುರುತು ಸಿಗದಿದ್ದರೆ ಒಂದೊಂದು ತುಂಡನ್ನೂ ಬೇರೆ ಬೇರೆ ಸ್ವಚ್ಛ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಾಯಿ ಬಿಚ್ಚಿ ಮೂಸಿ ನೋಡಬಹುದು. ಯಾವ ತುಂಡಿಗೆ ಹೆಚ್ಚು ಆರೈಕೆ ಬೇಕೆಂಬುದು ಆಗ ಸ್ಪಷ್ಟವಾಗುತ್ತದೆ.

ಒರೆಸುವುದರಲ್ಲಿ ಎರಡು ವಿಧಾನ, ಏಕೆಂದರೆ ಎದುರಿಗೆ ಎರಡು ಬಗೆಯ ಮೈ ಇದೆ. ಅರಗಿನ ಮುಖಕ್ಕೆ ಅಂಟವಾಳದ ನೀರು ಒಳ್ಳೆಯದು. ನಾಲ್ಕೈದು ಅಂಟವಾಳಕಾಯಿಗಳ ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ನೊರೆಯ ನೀರು ಸಿಗುತ್ತದೆ. ಅಂಟವಾಳದ ನೀರು ಸ್ವಲ್ಪ ಆಮ್ಲೀಯ. ಅರಗು ಕ್ಷಾರದಲ್ಲಿ ಕರಗುವ ವಸ್ತು. ಬಟ್ಟೆ ಒಗೆಯುವ ಸೋಡಾ, ಖಾರವಾದ ಸಾಬೂನು ಪುಡಿ ತಾಗಿದರೆ ಹೊಳಪು ಮಂಕಾಗಿ ಮೈ ಅಂಟಂಟಾಗುತ್ತದೆ. ಅಂಟವಾಳದಿಂದ ಆ ಭಯವಿಲ್ಲ. ಮೆತ್ತನೆಯ ಹತ್ತಿಬಟ್ಟೆಯನ್ನು ಅದರಲ್ಲಿ ಅದ್ದಿ, ಒಂದು ಹನಿಯೂ ಉದುರದಂತೆ ಹಿಂಡಿ, ಅಂಗೈಯಗಲದ ಜಾಗ ಒರೆಸಬೇಕು. ಕೂಡಲೇ ಸಾದಾ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಕೂಡಲೇ ಒಣಬಟ್ಟೆಯಿಂದ ಒತ್ತಬೇಕು. ಆಮೇಲೆ ಮುಂದಿನ ಅಂಗೈಯಗಲ. ನೀರು ನಿಂತರೆ ಅರಗಿನ ಮೇಲೆ ಬಿಳಿ ಮಂಜು ಕಟ್ಟಿದಂಥ ಕಲೆ ಏಳುತ್ತದೆ. ಬಟ್ಟೆಯನ್ನು ಪದೇ ಪದೇ ಬದಲಾಯಿಸುತ್ತಿರಬೇಕು. ಕೊಳೆಯಾದ ಬಟ್ಟೆ ಬೂಷ್ಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತದೆ. ಸರಳುಗಳ ಕಡೆದ ಬಳೆಗಳ ಸಂದಿಗೆ ಬಟ್ಟೆಯ ಪಟ್ಟಿಯನ್ನು ಸುತ್ತಿ, ಎರಡೂ ತುದಿ ಹಿಡಿದು ಆಚೀಚೆ ಎಳೆಯುತ್ತಾರೆ. ಒಂದು ತೊಟ್ಟಿಲಿನ ಎಲ್ಲ ಸರಳುಗಳನ್ನು ಹೀಗೆ ಒರೆಸಲು ಇಡೀ ಹೊತ್ತು ಬೇಕು.

ಅರಗಿಲ್ಲದ ಬರಿಯ ಕಟ್ಟಿಗೆಗೆ ಬಿಳಿ ವಿನೆಗರ್ ಉಪಯೋಗಕ್ಕೆ ಬರುತ್ತದೆ. ಅಷ್ಟೇ ನೀರು ಬೆರೆಸಿ, ಹಲ್ಲುಜ್ಜುವ ಬ್ರಷ್‌ನಿಂದ ಕೂಟದ ತೂತುಗಳಿಗೂ ತಳದ ಕೆಳಮೈಗೂ ಕಟ್ಟಿಗೆಯ ಎಳೆಯ ದಿಕ್ಕಿನಲ್ಲಿ ಹಚ್ಚಿ, ಒಂದು ತಾಸು ಬಿಟ್ಟು ಒರೆಸಬೇಕು. ವಿನೆಗರಿನ ಹುಳಿವಾಸನೆ ಎರಡು ದಿನದಲ್ಲಿ ತಾನಾಗಿ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಕಟ್ಟಿಗೆಗೆ ಸಲ್ಲದು: ಅದರ ನೀರು ಒಳಗೆ ಇಳಿದು ತೇವ ಹೆಚ್ಚಿಸುತ್ತದೆ, ಬಣ್ಣ ಸುಡುತ್ತದೆ. ವಿನೆಗರ್ ಜೊತೆ ಅದನ್ನು ಬೆರೆಸಿದರಂತೂ ವಿಷಕಾರಿಯಾದ ಕ್ಲೋರಿನ್ ಅನಿಲ ಏಳುತ್ತದೆ. ಸೀಮೆಎಣ್ಣೆಯಿಂದ ಒರೆಸುವ ಹಳೆಯ ರೂಢಿಯನ್ನೂ ಬಿಡಬೇಕು. ಅದು ಮುಗ್ಗಲನ್ನು ಮುಚ್ಚಿ ತನ್ನ ವಾಸನೆಯನ್ನು ಕಟ್ಟಿಗೆಯಲ್ಲಿ ಉಳಿಸುತ್ತದೆ.

ಉಜ್ಜುಕಾಗದ ಹಿಡಿಯುವ ಮೊದಲು ಒಂದು ಎಚ್ಚರಿಕೆ. ಹಳೆಯ ತೊಟ್ಟಿಲಿಗೆ ನಡುವೆ ಯಾರಾದರೂ ಎಣ್ಣೆಬಣ್ಣ ಬಳಿಸಿದ್ದರೆ ಅದರಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಿದರೆ ಏಳುವ ಪುಡಿ ಮಕ್ಕಳ ಮಿದುಳಿನ ಬೆಳವಣಿಗೆಗೆ ಅಪಾಯಕಾರಿ. ಅಂಥ ಬಣ್ಣ ಚಕ್ಕೆ ಏಳುತ್ತಿದ್ದರೆ ಆ ತೊಟ್ಟಿಲನ್ನು ಕೂಸಿಗೆ ಬಳಸದಿರುವುದೇ ಸರಿ.

ಒಣಗಿಸುವುದು ಈ ಕೆಲಸದ ಜೀವ. ಇಲ್ಲಿ ಗದಗ ಸೀಮೆಯ ಗಾಳಿ ದೊಡ್ಡ ಸಹಾಯ. ಕಪ್ಪತಗುಡ್ಡದ ಸಾಲಿನ ಮೇಲೆ, ಊರೂರಿನ ದಿಬ್ಬಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದೇ ಈ ನಾಡಿನ ಗಾಳಿಯ ಬಲಕ್ಕೆ ಸಾಕ್ಷಿ. ಮಳೆ ಇಲ್ಲದ ದಿನಗಳಲ್ಲಿ ಪಡಸಾಲೆಯ ನೆರಳಿನಲ್ಲಿ, ಗಾಳಿ ಹಾಯುವ ದಿಕ್ಕಿಗೆ, ಇಟ್ಟಂಗಿಗಳ ಮೇಲೆ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಇಡುತ್ತಾರೆ. ನೆಲದಿಂದ ಎತ್ತರಿಸಿದರೆ ಕೆಳಮೈಗೂ ಗಾಳಿ ತಾಗುತ್ತದೆ. ದಿನಕ್ಕೆ ಎರಡು ಸಲ ಹೊರಳಿಸುತ್ತಾರೆ. ಸಂಜೆ ಮಂಜು ಇಳಿಯುವ ಮೊದಲು ಒಳಗೆ ಒಯ್ಯುತ್ತಾರೆ.

ಬಿಸಿಲಿಗೆ ಇಡುವ ಆಸೆಯನ್ನು ತಡೆಯಬೇಕು. ಅರಗು ಸುಮಾರು 65ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೇರ ಬಿಸಿಲಿಗೆ ಬಿದ್ದ ಕಡುಬಣ್ಣದ ಮೈ ಆ ಮಟ್ಟದ ಹತ್ತಿರ ಹೋಗಬಲ್ಲದು. ಜೊತೆಗೆ, ಬಿಸಿಲು ಬಿದ್ದ ಮುಖ ಬೇಗ ಒಣಗಿ ಕುಗ್ಗಿ, ನೆರಳಿನ ಮುಖ ತೇವವಾಗಿಯೇ ಉಳಿದರೆ ಹಲಗೆ ಬಾಗುತ್ತದೆ. ಬಣ್ಣವಿಲ್ಲದ ತಳದ ಹಲಗೆಗೆ ಮಾತ್ರ ಬೆಳಗಿನ ಎಳೆಬಿಸಿಲು ತೋರಿಸಬಹುದು. ಬಿಸಿಲಿನ ನೇರಳಾತೀತ ಕಿರಣ ಉಳಿದ ಬೀಜಾಣುಗಳನ್ನು ದುರ್ಬಲಗೊಳಿಸುತ್ತದೆ.

ಒಣಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮುಟ್ಟಿದರೆ ಒಣಗಿದಂತೆ ಕಾಣುವ ಕಟ್ಟಿಗೆಯ ಒಳಗೆ ತೇವ ಇರುತ್ತದೆ. ತಳದ ಹಲಗೆಯನ್ನು ತಕ್ಕಡಿಯಲ್ಲಿಟ್ಟು ತೂಗಿ ಬರೆದಿಡಬೇಕು. ಎರಡು ದಿನಕ್ಕೊಮ್ಮೆ ಮತ್ತೆ ತೂಗಬೇಕು. ನೀರು ಆರುತ್ತ ಹೋದಂತೆ ತೂಕ ಇಳಿಯುತ್ತದೆ. ಮೂರು ಸಲ ಒಂದೇ ತೂಕ ಬಂದರೆ ಕಟ್ಟಿಗೆ ಸುತ್ತಲಿನ ಗಾಳಿಯ ತೇವಕ್ಕೆ ಸಮವಾಗಿದೆ ಎಂದು ತಿಳಿಯಬೇಕು. ಯಂತ್ರವಿಲ್ಲದೆ ಕಟ್ಟಿಗೆಯ ಒಳಗಿನ ತೇವವನ್ನು ಹೊರಗಿನಿಂದ ಅಳೆಯುವ ಈ ಉಪಾಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲೂ ನಡೆಯುತ್ತದೆ.

ತೇವ ಹೋದ ಮೇಲೂ ಕಟ್ಟಿಗೆಯ ಎಳೆಗಳಲ್ಲಿ ಹಳೆಯ ವಾಸನೆ ಸ್ವಲ್ಪ ಸಿಕ್ಕಿಕೊಂಡಿರುತ್ತದೆ. ಅದನ್ನು ಹೀರಲು ಇದ್ದಿಲು ಮತ್ತು ಅಡುಗೆ ಸೋಡಾ ಬಳಕೆಯಲ್ಲಿವೆ. ಇದ್ದಿಲಿನೊಳಗೆ ಲೆಕ್ಕವಿಲ್ಲದ ಸೂಕ್ಷ್ಮ ರಂಧ್ರಗಳಿದ್ದು, ವಾಸನೆಯ ಕಣಗಳು ಅವುಗಳ ಗೋಡೆಗೆ ಅಂಟುತ್ತವೆ. ಅಂಗಡಿಯಲ್ಲಿ ಸಿಗುವ ಸಕ್ರಿಯ ಇದ್ದಿಲಿನಲ್ಲಿ ಈ ಗುಣ ಹಲವು ಪಟ್ಟು ಹೆಚ್ಚು. ಬುಟ್ಟಿಯಲ್ಲಿ ಇದ್ದಿಲು, ಅಗಲ ತಟ್ಟೆಯಲ್ಲಿ ಸೋಡಾ ಇಟ್ಟು, ತೊಟ್ಟಿಲಿನ ತುಂಡುಗಳ ಜೊತೆ ಒಂದು ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿ ನಾಲ್ಕೈದು ದಿನ ಬಿಡುತ್ತಾರೆ. ಸೋಡಾವನ್ನು ಅರಗಿನ ಮೈಗೆ ತಾಗಿಸುವುದಿಲ್ಲ, ಅದೂ ಕ್ಷಾರವೇ.

ಇಷ್ಟಾದರೂ ತಳದ ಹಲಗೆಯ ಕೆಳಮೈ ವಾಸನೆ ಬಿಡದಿದ್ದರೆ ಬಡಿಗರ ಬಳಿ ಕೊನೆಯ ಉಪಾಯವೊಂದಿದೆ. ಅರಗಿನ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶನ್ನು ಆ ಬರಿಯ ಮೈಗೆ ತೆಳುವಾಗಿ ಎರಡು ಸಲ ಹಚ್ಚುತ್ತಾರೆ. ಸ್ಪಿರಿಟ್ ಆರಿದ ಮೇಲೆ ಉಳಿಯುವ ಅರಗಿನ ಪೊರೆ ವಾಸನೆಯನ್ನು ಒಳಗೇ ತಡೆಯುತ್ತದೆ, ಮುಂದಿನ ಮಳೆಗಾಲದ ತೇವವನ್ನೂ ತಡೆಯುತ್ತದೆ. ಶುದ್ಧೀಕರಿಸಿದ ಅರಗನ್ನು ಔಷಧದ ಮಾತ್ರೆ, ಮಿಠಾಯಿಗಳ ಹೊಳಪಿಗೂ ಹಚ್ಚುತ್ತಾರೆ. ತೊಟ್ಟಿಲಿಗೂ ಹೀಗೆ ಶುದ್ಧವಾದ ಅರಗನ್ನೇ ಆರಿಸಬೇಕು. ಕೈ ಮಾತ್ರ ಬಹಳ ನಿಖರವಾಗಿರಬೇಕು. ಒಂದು ಹನಿ ಸ್ಪಿರಿಟ್ ಚಿತ್ರದ ಮುಖಕ್ಕೆ ತಾಗಿದರೂ ಅಲ್ಲಿನ ಹಳೆಯ ಅರಗು ಕರಗಿ ಬಣ್ಣ ಕಲೆಸುತ್ತದೆ. ಅಂಚಿಗೆ ಕಾಗದದ ಪಟ್ಟಿ ಹಿಡಿದು, ಹಲಗೆಯ ಮಧ್ಯದಿಂದ ಅಂಚಿನ ಕಡೆಗೆ ಬ್ರಷ್ ಎಳೆದು, ಅಂಚಿಗೆ ತುಸು ಮೊದಲೇ ಎತ್ತುವುದು ಅವರ ಕ್ರಮ. ವಾಸನೆ ಪೂರ್ತಿ ಆರಲು ಕನಿಷ್ಠ ಒಂದು ವಾರ ಬಿಡುತ್ತಾರೆ. ಚಿತ್ರದ ಮುಖದಲ್ಲೇ ಬಣ್ಣ ಎದ್ದಿದ್ದರೆ ಅದು ಚಿತ್ರಗಾರರ ಕೆಲಸ; ಬಡಿಗರು ಅದಕ್ಕೆ ಕೈ ಹಾಕುವುದಿಲ್ಲ.

ಬಿದಿರಿನ ತೊಟ್ಟಿಲಿಗೆ ದಾರಿ ಬೇರೆ. ಬಿದಿರಿನಲ್ಲಿ ಪಿಷ್ಟದ ಅಂಶ ಹೆಚ್ಚಿರುವುದರಿಂದ ಬೂಷ್ಟೂ ಹುಳುವೂ ಬೇಗ ಹಿಡಿಯುತ್ತವೆ. ಆದರೆ ಅದರ ಮೇಲೆ ಅರಗಿಲ್ಲ, ಆದ್ದರಿಂದ ನೀರಿಗೂ ಬಿಸಿಲಿಗೂ ಅಂಜಬೇಕಿಲ್ಲ. ಹೆಣಿಗೆಯ ಎಳೆಯ ಉದ್ದಕ್ಕೆ ಬ್ರಷ್‌ನಿಂದ ತಿಕ್ಕಿ ತೊಳೆದು, ಬೋರಲು ಹಾಕಿ, ಬೆಳಗಿನ ಬಿಸಿಲಲ್ಲಿ ಒಣಗಿಸುತ್ತಾರೆ. ಸಡಿಲವಾದ ಅಂಚನ್ನು ಮೇದಾರರು ಹೊಸ ಸಿಬಿರು ಸೇರಿಸಿ ಬಿಗಿಮಾಡುತ್ತಾರೆ. ಈಗಿನ ಪುಡಿ ಒತ್ತಿ ಮಾಡಿದ ಹಲಗೆಯ ತೊಟ್ಟಿಲು, ಕಪಾಟುಗಳ ಮಾತು ಬೇರೆ. ಆ ಹಲಗೆ ಒಮ್ಮೆ ನೀರು ಕುಡಿದು ಉಬ್ಬಿದರೆ ಬೂಷ್ಟು ಒಳಗೆಲ್ಲ ಇಳಿದಿರುತ್ತದೆ. ಯಾವ ಕೌಶಲವೂ ಅದನ್ನು ಮರಳಿ ತರಲಾರದು.

ಹಾಸಿಗೆಯದು ಇನ್ನೊಂದು ವಿದ್ಯೆ. ಗದಗ, ಲಕ್ಷ್ಮೇಶ್ವರ ಹತ್ತಿ ವ್ಯಾಪಾರದ ಪೇಟೆಗಳು. ಇಲ್ಲಿನ ಕೂಸಿನ ಗಾದಿ ಅರಳೆಯದೇ. ಹಳೆಯ ಗಾದಿಯ ಹೊಲಿಗೆ ಬಿಚ್ಚಿದಾಗ ಅರಳೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಅದನ್ನು ಪೂರ್ತಿ ಬಿಸಾಡಬೇಕು. ಚುಕ್ಕೆಯಿಲ್ಲದೆ ಗಂಟುಗಟ್ಟಿದ್ದರೆ ಮಾತ್ರ ಪಿಂಜಾರರ ಬಳಿಗೆ ಹೋಗುತ್ತದೆ. ಹಿಂದೆ ಊರೂರು ತಿರುಗುತ್ತಿದ್ದ ಅವರ ಭುಜದ ಮೇಲೆ ಉದ್ದನೆಯ ಬಿಲ್ಲು ಇರುತ್ತಿತ್ತು. ಬಿಲ್ಲಿನ ಹೆದೆಯನ್ನು ಅರಳೆಯ ರಾಶಿಗೆ ತಾಗಿಸಿ ಕಟ್ಟಿಗೆಯ ಹಿಡಿಯಿಂದ ಮೀಟಿದಾಗ, ಹೆದೆಯ ಅದುರಿಗೆ ಗಂಟುಗಳು ಬಿಡಿಸಿಕೊಂಡು ಎಳೆ ಎಳೆಯಾಗಿ ಹಾರಿ ಬೀಳುತ್ತಿದ್ದವು, ಧೂಳು ಬೇರೆಯಾಗುತ್ತಿತ್ತು. ಈಗ ಈ ಕೆಲಸವನ್ನು ಹೆಚ್ಚಾಗಿ ಯಂತ್ರ ಮಾಡುತ್ತದೆ. ಹಿಂಜಿದ ಅರಳೆಯನ್ನು ಬಿಸಿಲಿಗೆ ಕಾಯಿಸಿ, ಹೊಸ ಬಟ್ಟೆಯಲ್ಲಿ ತೆಳುವಾಗಿ, ಸಮವಾಗಿ, ಗಟ್ಟಿಯಾಗಿ ತುಂಬುತ್ತಾರೆ. ಹಸುಗೂಸಿಗೆ ಮೈ ಹುದುಗುವಷ್ಟು ಮೆತ್ತನೆಯ ಹಾಸಿಗೆ ಸುರಕ್ಷಿತವಲ್ಲ. ಹಳೆಯ ಸೀರೆಗಳ ಪದರುಗಳಿಂದ ಹೊಲಿದ ಕೌದಿಗಳನ್ನು ಬಿಸಿನೀರಲ್ಲಿ ನೆನೆಸಿ ಒಗೆದು, ಗಂಜಿ ಹಾಕದೆ, ಎರಡು ಬಿಸಿಲು ಪೂರ್ತಿ ಕಾಯಿಸಬೇಕು. ಗಂಜಿ ಬೂಷ್ಟಿಗೆ ಆಹಾರ.

ಈ ಬಟ್ಟೆಗಳ ನಡುವೆ ನುಸಿಗುಳಿಗೆ ಇಟ್ಟಿದ್ದರೆ ಆ ವಾಸನೆಯನ್ನು ಮುಗ್ಗಲಿಗಿಂತ ಹೆಚ್ಚು ಗಂಭೀರವಾಗಿ ನೋಡಬೇಕು. ಅದರಲ್ಲಿರುವ ನ್ಯಾಫ್ಥಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ನವಜಾತ ಶಿಶುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಅಂಥ ಬಟ್ಟೆಯನ್ನು ಹಲವು ಸಲ ಒಗೆದು ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋಗುವ ತನಕ ಕೂಸಿನ ಹತ್ತಿರ ತರಬಾರದು. ಧೂಪದ ವಿಷಯದಲ್ಲೂ ವಿವೇಕ ಬೇಕು. ಲೋಬಾನದ ಹೊಗೆ ಹಿತವಾಗಿದ್ದರೂ ಅದು ಮುಗ್ಗಲನ್ನು ಮುಚ್ಚುತ್ತದೆಯೇ ಹೊರತು ಕಳೆಯುವುದಿಲ್ಲ. ಹೊಗೆಯ ಕಣಗಳು ಎಳೆಯ ಶ್ವಾಸಕೋಶಕ್ಕೆ ಒಳ್ಳೆಯವೂ ಅಲ್ಲ.

ಕೊನೆಗೆ ಜೋಡಣೆ. ಹಿತ್ತಾಳೆಯ ಸರಪಳಿ, ಕೊಂಡಿಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ಒಣಗಿಸಿ, ಸವೆದ ಬಳೆಗಳನ್ನು ಬದಲಾಯಿಸುತ್ತಾರೆ. ದಾರದ ಗುರುತು ನೋಡಿ ಸರಳುಗಳನ್ನು ಅವವುಗಳ ತೂತಿಗೆ ಕೂರಿಸುತ್ತಾರೆ. ಒಣಗಿದ ಕಟ್ಟಿಗೆ ತುಸು ಕುಗ್ಗಿರುವುದರಿಂದ ಹಳೆಯ ಬೆಣೆ ಸಡಿಲವಾಗುತ್ತದೆ. ಬಡಿಗರು ಹೊಸ ಬೆಣೆ ಕೆತ್ತಿ ಹೊಡೆಯುತ್ತಾರೆ. ಮಗುವಿನ ತಲೆ ಸಿಲುಕದಂತೆ ಸರಳುಗಳ ನಡುವಿನ ಸಂದು 6 ಸೆಂ.ಮೀ. ಮೀರದಂತೆ ನೋಡಿಕೊಳ್ಳಬೇಕು. ಜಂತಿಗೆ ತೂಗುಹಾಕಿ, ಕೂಸಿನ ತೂಕದ ಹಲವು ಪಟ್ಟು ಭಾರದ ಜೋಳದ ಚೀಲವನ್ನು ಒಂದು ರಾತ್ರಿ ಅದರಲ್ಲಿಟ್ಟು ಪರೀಕ್ಷಿಸುತ್ತಾರೆ. ವಾಸನೆಯ ಪರೀಕ್ಷೆಗೆ ಮಾತ್ರ ಹೊರಗಿನವರನ್ನು ಕರೆಯಬೇಕು. ವಾರಗಟ್ಟಲೆ ಅದರ ಜೊತೆಗಿದ್ದವರ ಮೂಗು ವಾಸನೆಗೆ ಒಗ್ಗಿಹೋಗಿರುತ್ತದೆ. ಅದೇ ಆಗ ಬಂದ ನೆರೆಮನೆಯವರ ಮೂಗು ಮೋಸಹೋಗುವುದಿಲ್ಲ.

ಮತ್ತೆ ಎತ್ತಿಡುವ ಕಾಲ ಬಂದಾಗ ಇಷ್ಟೆಲ್ಲ ತಿಳಿವಳಿಕೆ ಕೆಲವೇ ನಿಯಮಗಳಿಗೆ ಇಳಿಯುತ್ತದೆ. ತೊಟ್ಟಿಲನ್ನು ಬಿಚ್ಚಿಯೇ ಇಡಬೇಕು. ಪ್ಲಾಸ್ಟಿಕ್ ಬಿಟ್ಟು ಒಗೆದ ಹತ್ತಿ ಸೀರೆಯಲ್ಲಿ ಸುತ್ತಬೇಕು. ಹತ್ತಿ ಧೂಳು ತಡೆಯುತ್ತದೆ, ಗಾಳಿ ಬಿಡುತ್ತದೆ. ಹೊರಗೋಡೆಯಿಂದ ಒಂದು ಗೇಣು ದೂರ, ಕಾಳಿನ ಚೀಲಗಳಿಂದ ಬೇರೆ ಕಡೆ, ಎರಡು ಪಟ್ಟಿಗಳ ಮೇಲೆ ಎತ್ತರಿಸಿ ಇಡಬೇಕು. ಹುಳುವಿಗೆಂದು ಬೇವು, ಲಕ್ಕಿ ಸೊಪ್ಪು ಇಡುವುದಾದರೆ ಗರಿಗರಿಯಾಗಿ ಒಣಗಿಸಿಯೇ ಇಡಬೇಕು. ಹಸಿ ಸೊಪ್ಪು ತಾನೇ ತೇವ ತರುತ್ತದೆ. ವರ್ಷಕ್ಕೊಮ್ಮೆ, ಹಿಂಗಾರು ಮುಗಿದು ಗಾಳಿ ಒಣಗಿದ ಮೇಲೆ, ಸುತ್ತಿದ ಸೀರೆ ಬಿಚ್ಚಿ ಒಂದು ದಿನ ನೆರಳಲ್ಲಿ ಗಾಳಿಗೆ ಇಡಬೇಕು. ವರ್ಷ ವರ್ಷವೂ ಇದನ್ನು ತಪ್ಪದೆ ಮಾಡಿದ ಮನೆಯಲ್ಲಿ, ಮುಂದಿನ ಕೂಸಿಗಾಗಿ ತೊಟ್ಟಿಲು ಸಿದ್ಧಮಾಡಲು ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಮತ್ತು ಒಂದು ಹೊತ್ತಿನ ಕೆಲಸ ಸಾಕಾಗುತ್ತದೆ.